ವಾಂತಿ ಮಾಡಲಾರದ ಸುಂಡಿಲಿ ಮತ್ತು ನಮ್ಮ ಆಟಿ ಕಷಾಯ

(ಸಾಂತಾಕ್ರೂಜ್ ಪೂರ್ವದಲ್ಲಿ ನಡೆದ ಮಹಿಳಾ ವಿಭಾಗದ ಆಟಿ ತಿಂಗಳ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಆಟಿಯ ಕಾರ್ಯಕ್ರಮ ಅಂದಮೇಲೆ ಪತ್ರೊಡೆ, ತಿಮರೆ ಚಟ್ನಿ, ಮೆಂತೆ ಗಂಜಿಯ ಬಗ್ಗೆ ಮಾತಾಡುತ್ತೇನೆಂದು ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಅವುಗಳ ವಿಚಾರ ನನಗಿಂತ ಚೆನ್ನಾಗಿ ಗೊತ್ತಿರುವವರು ಈಗ ಹಿಂದಿನ ಅಡುಗೆ ಕೋಣೆಯಲ್ಲಿದ್ದಾರೆ, ಪರಿಮಳ ಇಲ್ಲಿಯವರೆಗೂ ಬರುತ್ತಿದೆ. ನನ್ನ ಮಾತು ಸುಂಡಿಲಿಗಳ ಬಗ್ಗೆ. ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ ಮೂಗು ಮುಚ್ಚಿಕೊಂಡು ನೀವೆಲ್ಲ ಕುಡಿದ ಆ ಕಹಿ ಕಷಾಯಕ್ಕೂ ಸುಂಡಿಲಿಗೂ ಏನು ಸಂಬಂಧ ಅನ್ನುವುದನ್ನು ಊಟದ ಹೊತ್ತಿಗೆ ಮುಂಚೆ ಹೇಳಿ ಮುಗಿಸುತ್ತೇನೆ.

ಮುಂಬಯಿಯ ಒಂದು ಫಾರ್ಮಸಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಅನಿಮಲ್ ಹೌಸ್ ಎನ್ನುವ ಕಿಟಕಿಯಿಲ್ಲದ ಕೋಣೆಯಲ್ಲಿ. ಅಲ್ಲಿ ಹನ್ನೆರಡು ಗಂಟೆ ದೀಪ, ಹನ್ನೆರಡು ಗಂಟೆ ಕತ್ತಲೆ. ತಂಪು ಸುಮಾರು 22 ಡಿಗ್ರಿ. ಮೇ ತಿಂಗಳಲ್ಲಿ ಲೋಕಲ್ ಟ್ರೇನಿನಲ್ಲಿ ನೂಕಿಸಿಕೊಂಡು ಬೆವರಿ ಹೋಗುತ್ತಿದ್ದ ನನಗೆ ಆ ಕೋಣೆ ಸ್ವರ್ಗವಾಗಿತ್ತು. ನಮ್ಮ ಮನೆಗೆ ಎಸಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವುಗಳಿಗೆ ಎಸಿ ಇತ್ತು. ಲ್ಯಾಬಿನವರು ಮೌಸ್ ಎಂದರೆ ಬಿಳಿ ಸುಂಡಿಲಿ, ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ರ‍್ಯಾಟ್ ಎಂದರೆ ಅದರ ಹತ್ತು ಪಟ್ಟು ತೂಗುವ ದೊಡ್ಡ ಇಲಿ. ಕನ್ನಡದಲ್ಲಿ ಎರಡನ್ನೂ ಇಲಿ ಅಂದುಬಿಡುತ್ತೇವೆ. ಇವತ್ತಿನ ಮಾತಿನಲ್ಲಿ ಆ ವ್ಯತ್ಯಾಸ ಬೇಕಾಗುತ್ತದೆ, ನೆನಪಿಡಿ.

ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ ಒಮ್ಮೆ ಕೇಳಿದ್ದರು: "ಗಣಪತಿಯ ವಾಹನವನ್ನು ಕೊಲ್ಲುವ ಕೈಯಲ್ಲಿ ದೇವರ ದೀಪ ಹೇಗೆ ಹಚ್ಚುತ್ತಿ ಮಾರಾಯ್ತಿ?" ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಪೂರ್ತಿ ಉತ್ತರ ನನ್ನಲ್ಲಿ ಈಗಲೂ ಇಲ್ಲ. ಆದರೆ ಒಂದು ಸಂಗತಿ ಅವರಿಗೆ ಹೇಳಿದ್ದೆ, ನಿಮಗೂ ಹೇಳುತ್ತೇನೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಪ್ರಯೋಗಗಳನ್ನು ನೋಡಿಕೊಳ್ಳುವ ಒಂದು ಕೇಂದ್ರ ಸಮಿತಿ ಇದೆ. ಪ್ರತಿ ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು, ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯಿರುವ ಒಬ್ಬರು ಸದಸ್ಯರಾಗಿ ಕೂರಲೇಬೇಕು. ಎಷ್ಟು ಪ್ರಾಣಿ, ಏಕೆ, ಬೇರೆ ದಾರಿ ಇಲ್ಲವೇ ಎಂದು ಬರೆದುಕೊಟ್ಟು ಅವರ ಮುಂದೆ ಉತ್ತರ ಹೇಳಬೇಕು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಲಿಪ್‌ಸ್ಟಿಕ್ಕಿಗಾಗಿ ಸುಂಡಿಲಿ ಸಾಯಬೇಕಾಗಿಲ್ಲ. ಔಷಧಿಗಾಗಿ ಇನ್ನೂ ಸಾಯುತ್ತಿವೆ. ಹಾಗೆ ಸತ್ತವುಗಳು ಹೇಳಿದ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಅದು ನನ್ನ ದೃಷ್ಟಿಯಲ್ಲಿ ಎರಡನೇ ಪಾಪ.

ಕೇಳಿಸಿಕೊಳ್ಳುವುದಿಲ್ಲ ಎಂದು ಏಕೆ ಹೇಳುತ್ತೇನೆಂದರೆ, ವಾಟ್ಸಾಪ್ ನೋಡಿ. "ಇಲಿಗಳ ಮೇಲಿನ ಸಂಶೋಧನೆಯಲ್ಲಿ ಸಾಬೀತು" ಎಂದು ವಾರಕ್ಕೊಂದು ಸೊಪ್ಪು, ವಾರಕ್ಕೊಂದು ಬೇರು ಬರುತ್ತದೆ. ಮಗುವಿಗೆ ಭೇದಿಯಾದರೆ ಇದು, ವೈರಸ್ಸಿಗೆ ಇದು, ಗಿಡದ್ದಾದ್ದರಿಂದ ಅಪಾಯವಿಲ್ಲ. ಈ ಮೂರು ಮಾತುಗಳ ಹಿಂದೆ ಮೂರು ಬೇರೆ ಬೇರೆ ಪ್ರಯೋಗಗಳಿರುತ್ತವೆ. ಹೆಚ್ಚಾಗಿ ಮೂರೂ ಬೇರೆ ಬೇರೆ ಊರಿನವು. ಯಾರೋ ಅವನ್ನು ಅಂಟಿಸಿ ಒಂದೇ ವಾಕ್ಯ ಮಾಡಿರುತ್ತಾರೆ.

ಮೊದಲು ಕರುಳಿನ ವೈರಸ್ಸಿನ ಕತೆ. ಸಣ್ಣ ಮಕ್ಕಳ ನೀರುಭೇದಿಗೆ ದೊಡ್ಡ ಕಾರಣವಾದ ರೋಟಾವೈರಸ್ಸನ್ನು 1973ರಲ್ಲಿ ಮನುಷ್ಯರ ಮಕ್ಕಳಲ್ಲಿ ಕಂಡವರು ಒಬ್ಬ ಹೆಂಗಸು, ಆಸ್ಟ್ರೇಲಿಯಾದ ಮೆಲ್ಬರ್ನಿನ ರೂತ್ ಬಿಷಪ್ ಮತ್ತು ಅವರ ಜೊತೆಗಾರರು. ಭೇದಿಯಾದ ಮಕ್ಕಳ ಕರುಳಿನ ಚಿಕ್ಕ ತುಣುಕನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಚಕ್ರದಂಥ ಕಣಗಳು ಕಂಡವು. ಲ್ಯಾಟಿನ್ನಿನಲ್ಲಿ ರೋಟಾ ಅಂದರೆ ಚಕ್ರ. ಆದರೆ ಸುಂಡಿಲಿಗಳಲ್ಲಿ ಇದೇ ಜಾತಿಯ ಕಾಯಿಲೆ ಅದಕ್ಕಿಂತ ಬಹಳ ಮೊದಲೇ ಗೊತ್ತಿತ್ತು. ಹಾಲು ಕುಡಿಯುವ ಸುಂಡಿಲಿ ಮರಿಗಳ ಭೇದಿಯ ಬಗ್ಗೆ 1947ರಲ್ಲೇ ಅಮೆರಿಕದವರು ಬರೆದಿದ್ದರು, 1963ರಲ್ಲಿ ಆ ಮರಿಗಳ ಕರುಳಿನಲ್ಲಿ ವೈರಸ್ಸನ್ನೂ ನೋಡಿದ್ದರು. ಮರಿಗಳಲ್ಲಿ ಮೊದಲು ಕಂಡದ್ದು ಮಕ್ಕಳಲ್ಲಿ ಕಾಣಲು ಇನ್ನೂ ಹತ್ತು ವರ್ಷ ಬೇಕಾಯಿತು.

ಈ ಮರಿಗಳು ಒಂದು ವಿಚಿತ್ರ ಸಂಗತಿ ಹೇಳಿಕೊಟ್ಟವು. ಹುಟ್ಟಿದ ಸುಮಾರು ಎರಡು ವಾರದ ಒಳಗೆ ವೈರಸ್ ತಗಲಿದರೆ ಮಾತ್ರ ಅವುಗಳಿಗೆ ಭೇದಿ. ಅದರ ನಂತರ ವೈರಸ್ ಕರುಳಿನೊಳಗೆ ಬೆಳೆಯುತ್ತದೆ, ಹಿಕ್ಕೆಯಲ್ಲೂ ಹೋಗುತ್ತದೆ, ಆದರೆ ಭೇದಿಯಿಲ್ಲ. ಅಂದರೆ ಬೆಳೆದ ಸುಂಡಿಲಿಗೆ ಏನೋ ಒಂದು ಸಾರ ಕುಡಿಸಿ, ರೋಟಾವೈರಸ್ ಕೊಟ್ಟು, "ನೋಡಿ, ಭೇದಿ ಆಗಲೇ ಇಲ್ಲ" ಎಂದರೆ ಅದಕ್ಕೆ ಬೆಲೆಯಿಲ್ಲ. ಅದಕ್ಕೆ ಹೇಗೂ ಆಗುತ್ತಿರಲಿಲ್ಲ. ಪ್ರಯೋಗ ಓದುವಾಗ ಮರಿಯ ವಯಸ್ಸು ಎಷ್ಟು ದಿನ ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಹೀಗೆ.

ಇನ್ನೊಂದು ಮುಖ್ಯ ಶೋಧವೂ ಒಬ್ಬ ಹೆಂಗಸಿನ ಪ್ರಯೋಗಶಾಲೆಯದೇ. ಅಮೆರಿಕದ ಹ್ಯೂಸ್ಟನ್ನಿನ ಮೇರಿ ಎಸ್ಟೆಸ್ ಅವರ ತಂಡ 1996ರಲ್ಲಿ ವೈರಸ್ಸನ್ನೇ ಕೊಡದೆ, ಅದು ತಯಾರಿಸುವ ಒಂದೇ ಒಂದು ಪ್ರೋಟೀನನ್ನು ಎಳೆಯ ಸುಂಡಿಲಿಗಳಿಗೆ ಕೊಟ್ಟು ನೋಡಿತು. ಭೇದಿಯಾಯಿತು. ವೈರಸ್ಸೊಂದು ಕರುಳಿಗೆ ವಿಷ ಬಿಡುತ್ತದೆ ಎಂದು ತಿಳಿದದ್ದು ಅದೇ ಮೊದಲು. ಆದ್ದರಿಂದ ವೈರಸ್ಸನ್ನು ಕೊಲ್ಲುವುದು ಬೇರೆ, ಭೇದಿ ನಿಲ್ಲಿಸುವುದು ಬೇರೆ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಸಿ. ದುರ್ಗಾರಾವ್ ಅವರು ಬೆಂಗಳೂರಿನ ನವಜಾತ ಶಿಶುಗಳಲ್ಲಿ, ಯಾವ ಕಾಯಿಲೆಯ ಲಕ್ಷಣವೂ ಇಲ್ಲದ ಶಿಶುಗಳಲ್ಲಿ, ಐ321 ಎಂಬ ರೋಟಾವೈರಸ್ಸನ್ನು ಗುರುತಿಸಿದರು. ಅದರ ಹೊರಗವಚ ಹಸುಗಳ ರೋಟಾವೈರಸ್ಸನ್ನು ಹೋಲುತ್ತಿತ್ತು. ದೆಹಲಿಯ ಏಮ್ಸ್‌ನಲ್ಲಿ ಹೀಗೆಯೇ ಸಿಕ್ಕಿದ್ದು 116ಇ. ಎರಡನ್ನೂ ಲಸಿಕೆಯ ಅಭ್ಯರ್ಥಿಗಳಾಗಿ ಮಕ್ಕಳಲ್ಲಿ ಮೊದಲ ಹಂತದ ಪರೀಕ್ಷೆಗೆ ಒಡ್ಡಿದಾಗ ದೆಹಲಿಯದಕ್ಕೆ ರೋಗನಿರೋಧಕ ಪ್ರತಿಕ್ರಿಯೆ ಚೆನ್ನಾಗಿ ಬಂತು, ನಮ್ಮದು ಹಿಂದೆ ಉಳಿಯಿತು. 116ಇಯಿಂದ ಮಾಡಿದ ರೋಟಾವ್ಯಾಕ್ ಲಸಿಕೆಗೆ 2014ರಲ್ಲಿ ಪರವಾನಗಿ ಸಿಕ್ಕಿತು, 2016ರಿಂದ ಸರಕಾರಿ ಲಸಿಕೆಗಳ ಪಟ್ಟಿಗೆ ರೋಟಾವೈರಸ್ ಲಸಿಕೆ ಸೇರಿತು. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಈ ಒಂದು ವೈರಸ್ಸಿನಿಂದ ವರ್ಷಕ್ಕೆ ಸುಮಾರು 78,000 ಮಕ್ಕಳು ಸಾಯುತ್ತಿದ್ದರೆಂದು ಅಂದಾಜು. ಮೊಮ್ಮಕ್ಕಳಿರುವವರು ಲಸಿಕೆಯ ಕಾರ್ಡನ್ನು ಇವತ್ತು ಮನೆಗೆ ಹೋಗಿ ನೋಡಿ. 6, 10, 14 ವಾರಗಳಲ್ಲಿ ಬಾಯಿಗೆ ಹಾಕಿಸಿದ್ದಾರೆಯೇ ಎಂದು ನೋಡಿದರೆ ಸಾಕು.

ಈಗ ಗಿಡಗಳಿಗೆ ಬರೋಣ. ಇಲ್ಲಿಂದ ಸೀ ಲಿಂಕಿನ ಮೇಲೆ ಹೋದರೆ ಇಳಿಯುವ ವರ್ಲಿಯಲ್ಲಿ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಎಂಬ ಸಂಸ್ಥೆಯಿದೆ. ಅಲ್ಲಿನ ಡಾ. ತನಾಜ್ ಬಿರ್ಡಿ ಮತ್ತು ಅವರ ಜೊತೆಗಾರರು ಭೇದಿಗೆ ಮನೆಮದ್ದಾಗಿ ಬಳಸುವ ಗಿಡಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಬಿಲ್ವದ ಎಳೆಕಾಯಿಯ ಕಷಾಯದ ಬಗ್ಗೆ 2009ರಲ್ಲಿ ಅವರು ಪ್ರಕಟಿಸಿದ ಲೇಖನ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಬಡಾಯಿಯಿಲ್ಲ. ಆ ಕಷಾಯ ರೋಟಾವೈರಸ್ಸನ್ನೂ ಜಿಯಾರ್ಡಿಯಾ ಎಂಬ ಪರೋಪಜೀವಿಯನ್ನೂ ಕೊಂದಿತು. ಪರೀಕ್ಷಿಸಿದ ಆರು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಒಂದನ್ನೂ ಕೊಲ್ಲಲಿಲ್ಲ. ಆದರೆ ಅವು ಕರುಳಿನ ಕೋಶಕ್ಕೆ ಅಂಟಿಕೊಳ್ಳುವುದನ್ನು ಕಡಿಮೆ ಮಾಡಿತು, ಕಾಲರಾದ ವಿಷ ತಯಾರಾಗುವುದನ್ನೂ ಅಂಟುವುದನ್ನೂ ತಡೆಯಿತು. ಇನ್ನೊಂದು ಬಗೆಯ ವಿಷದ ಮೇಲೆ ಏನೂ ಪರಿಣಾಮವಾಗಲಿಲ್ಲ. ಹೀಗೆ ಎಲ್ಲಿ ಆಯಿತು, ಎಲ್ಲಿ ಆಗಲಿಲ್ಲ ಎಂದು ಎರಡನ್ನೂ ಬರೆದಿದ್ದಾರೆ.

ಇದನ್ನು ಓದಿ ಯಾರಾದರೂ "ಬಿಲ್ವ ರೋಟಾವೈರಸ್ಸನ್ನು ಕೊಲ್ಲುತ್ತದೆ" ಎಂದು ಕಳಿಸಿದರೆ ಅದು ಸುಳ್ಳಲ್ಲ. ಆದರೆ ಅದು ನಡೆದದ್ದು ಗಾಜಿನ ತಟ್ಟೆಯಲ್ಲಿ. ತಟ್ಟೆಯಲ್ಲಿ ಕಷಾಯ ಮತ್ತು ವೈರಸ್ ಮುಖಾಮುಖಿ ಕೂತಿರುತ್ತವೆ. ಮಗುವಿನ ಹೊಟ್ಟೆಯಲ್ಲಿ ಆಮ್ಲವಿದೆ, ಹಾಲಿದೆ, ಓಡುವ ಕರುಳಿದೆ, ಮತ್ತು ವೈರಸ್ ಕೋಶದ ಒಳಗೆ ಅಡಗಿದೆ. ತಟ್ಟೆಯಿಂದ ಮಗುವಿಗೆ ನೇರವಾಗಿ ಹಾರಲು ಆಗುವುದಿಲ್ಲ, ನಡುವೆ ಒಂದು ಮೆಟ್ಟಿಲು ಬೇಕು. ಸುಂಡಿಲಿ ಆ ಮೆಟ್ಟಿಲು. ಪೇರಳೆ ಎಲೆಯ ವಿಷಯದಲ್ಲಿ ಇದೇ ವರ್ಲಿಯವರು ಆ ಮೆಟ್ಟಿಲನ್ನೂ ಹತ್ತಿದರು. ಸುಂಡಿಲಿಗಳ ಕರುಳಿಗೆ ಸೋಂಕು ತರುವ ಒಂದು ಬ್ಯಾಕ್ಟೀರಿಯಾ ಕೊಟ್ಟು, ಪೇರಳೆ ಎಲೆಯ ಸಾರ ಕುಡಿಸಿದಾಗ ಅವು ಬೇಗ ಸೋಂಕಿನಿಂದ ಮುಕ್ತವಾದವು. ಅದು 2015ರ ಪ್ರಕಟಣೆ. ಆಮೇಲೆ ಮನುಷ್ಯರಲ್ಲೂ ಕ್ಲಿನಿಕಲ್ ಟ್ರಯಲ್ ಮಾಡಿ 2020ರಲ್ಲಿ ಪ್ರಕಟಿಸಿದರು. ವಯಸ್ಕರಲ್ಲಿ, ಮಕ್ಕಳಲ್ಲಲ್ಲ. ಒಂದು ಎಲೆಗೆ ಇಷ್ಟು ವರ್ಷ ಹಿಡಿಯಿತು.

ಭೇದಿಯ ಔಷಧಿಗೆ ಲ್ಯಾಬಿನಲ್ಲಿ ಇನ್ನೊಂದು ಸುಲಭದ ಪರೀಕ್ಷೆಯಿದೆ. ಅದರಲ್ಲಿ ವೈರಸ್ಸೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ. ಅಜ್ಜಿ ನಮಗೆ ಹೊಟ್ಟೆ ತೊಳೆಯಲು ಕೊಡುತ್ತಿದ್ದ ಹರಳೆಣ್ಣೆಯನ್ನೇ ಸುಂಡಿಲಿಗೆ ಕುಡಿಸುವುದು, ಕೆಳಗೆ ಬಿಳಿ ಕಾಗದ ಹಾಕಿ ಎಷ್ಟು ಒದ್ದೆ ಹಿಕ್ಕೆ ಬಿತ್ತೆಂದು ಎಣಿಸುವುದು. ನಾನು ಎಣಿಸಿದ್ದೇನೆ, ನಗಬೇಡಿ, ಅದಕ್ಕೇ ಸಂಬಳ ಕೊಡುತ್ತಿದ್ದರು. ಕಷಾಯ ಕುಡಿದ ಸುಂಡಿಲಿಯ ಕಾಗದ ಒಣಗಿದ್ದರೆ ಕಷಾಯ ಭೇದಿಯನ್ನು ತಡೆಯಿತು ಎನ್ನುತ್ತೇವೆ. ಹೆಚ್ಚಿನ ಸಲ ಅದರ ಅರ್ಥ ಇಷ್ಟೇ: ಕರುಳಿನ ಓಟ ನಿಧಾನವಾಯಿತು. ಕಾಯಿಲೆ ತಂದ ವೈರಸ್ಸಿನ ಬಗ್ಗೆ ಈ ಪರೀಕ್ಷೆ ಒಂದು ಅಕ್ಷರವನ್ನೂ ಹೇಳುವುದಿಲ್ಲ. ಎಳೆಯ ಮಗುವಿನ ಕರುಳನ್ನು ನಿಲ್ಲಿಸುವ ಮಾತ್ರೆಯನ್ನು ಡಾಕ್ಟರರು ಕೊಡುವುದಿಲ್ಲ. ಹಾಗಿದ್ದಮೇಲೆ ಅದೇ ಕೆಲಸ ಮಾಡುವ ಬೇರನ್ನು ನಾವು ಏಕೆ ಅರೆದು ಕೊಡಬೇಕು? ಭೇದಿಯಾದ ಮಗುವಿಗೆ ಮೊದಲು ಬೇಕಾದ್ದು ಓಆರ್‌ಎಸ್, ಎದೆಹಾಲು, ಮತ್ತು ಡಾಕ್ಟರರು ಹೇಳಿದ ಹದಿನಾಲ್ಕು ದಿನಗಳ ಸತುವಿನ ಔಷಧಿ. ಕಣ್ಣು ಗುಳಿ ಬಿದ್ದು, ಮೂತ್ರ ನಿಂತರೆ ಆಸ್ಪತ್ರೆಗೇ ಹೋಗಬೇಕು.

ಇನ್ನು ಕಷಾಯ. ಊರಿನಲ್ಲಿ ಬೆಳೆಯದ ಹುಡುಗಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹಾಲೆ ಮರ, ತುಳುವಿನಲ್ಲಿ ಪಾಲೆ, ಇಲ್ಲಿನವರು ಸಾತ್ವಿಣ್ ಎನ್ನುತ್ತಾರೆ, ಸಪ್ತಪರ್ಣಿ ಅಂದರೂ ಅದೇ. ಮುಂಬಯಿಯ ರಸ್ತೆಬದಿಯಲ್ಲೂ ಸಾಕಷ್ಟಿವೆ. ದೀಪಾವಳಿಯ ಆಸುಪಾಸಿನಲ್ಲಿ ಸಂಜೆ ಮೂಗಿಗೆ ಬಡಿಯುವ ಆ ಗಾಢ ವಾಸನೆ ಇದರ ಹೂವಿನದೇ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಅದರ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ ಅರೆದು ಸೋಸಿ, ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಮುಳುಗಿಸಿ, ಬರಿ ಹೊಟ್ಟೆಗೆ ಕುಡಿಯುವುದು. ಮೇಲಿಂದ ಮೆಂತೆ ಗಂಜಿ, ಇಲ್ಲದಿದ್ದರೆ ಆ ಉಷ್ಣ ತಡೆಯುವುದಿಲ್ಲ ಎನ್ನುತ್ತಿದ್ದರು.

ಈ ಮರದ ಮೇಲೆ ನಮ್ಮ ಊರಿನವರೇ ಕೆಲಸ ಮಾಡಿದ್ದಾರೆ ಎನ್ನುವುದು ನಿಮಗೆ ಗೊತ್ತೇ? ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಗಣೇಶ ಚಂದ್ರ ಜಗೇತಿಯಾ, ಮಂಜೇಶ್ವರ ಶ್ರೀನಾಥ ಬಾಳಿಗ ಮತ್ತು ಸಂಗಡಿಗರು ಹಾಲೆ ತೊಗಟೆಯ ಸಾರದ ವಿಷಗುಣವನ್ನು ಸುಂಡಿಲಿ ಮತ್ತು ಇಲಿಗಳಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಂಡದ್ದು ಕೇಳಿ: ಸಾರದ ವಿಷ ತೊಗಟೆ ತೆಗೆದ ಕಾಲದ ಮೇಲೆ ಅವಲಂಬಿಸಿತ್ತು. ಬೇಸಿಗೆಯ ತೊಗಟೆ ಅತಿ ಹೆಚ್ಚು ವಿಷ, ಚಳಿಗಾಲದ್ದು ಅದಕ್ಕಿಂತ ಕಡಿಮೆ. ಎಲ್ಲಕ್ಕಿಂತ ಕಡಿಮೆ ಮಳೆಗಾಲದ್ದು. ಆಟಿ ಅಂದರೆ ಮಳೆಗಾಲದ ನಟ್ಟನಡು. ಮೊದಲ ಸಲ ಆ ಸಾಲನ್ನು ಓದಿದಾಗ ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದೆ. ಎದ್ದು ಯಾರಿಗಾದರೂ ಹೇಳಬೇಕೆನಿಸಿತು, ಅಲ್ಲಿ ತುಳು ಬರುವವರು ಯಾರೂ ಇರಲಿಲ್ಲ.

ಆದರೆ ಅಷ್ಟಕ್ಕೇ ಚಪ್ಪಾಳೆ ತಟ್ಟಬೇಡಿ, ಅದೇ ಲೇಖನ ಇನ್ನೂ ಹೇಳುತ್ತದೆ. ಬಾಯಿಯ ಮೂಲಕ ಕೊಟ್ಟಾಗ ಕಿಲೋ ತೂಕಕ್ಕೆ 2000 ಮಿಲಿಗ್ರಾಂವರೆಗೂ ಸುಂಡಿಲಿಗಳಿಗೆ ಏನೂ ಆಗಲಿಲ್ಲ. ಹೊಟ್ಟೆಯ ಪೊರೆಯೊಳಗೆ ಚುಚ್ಚಿದಾಗ 1100 ಮಿಲಿಗ್ರಾಂಗೇ ಹೆಚ್ಚಿನವು ಸತ್ತವು. ಸುಂಡಿಲಿಗಿಂತ ದೊಡ್ಡ ಇಲಿ ಮೆದು. ಸುಂಡಿಲಿಗಳಲ್ಲೂ ಒಂದು ತಳಿ ಇನ್ನೊಂದಕ್ಕಿಂತ ಮೆದು, ಮಿಶ್ರತಳಿಗಳು ಗಟ್ಟಿ. ದಿನವೂ ಕೊಟ್ಟಾಗ, ಹೆಚ್ಚಿನ ಪ್ರಮಾಣದಲ್ಲಿ, ಇಲಿಗಳು ಸತ್ತದ್ದೂ ಇದೆ. ಒಂದೇ ಜಾತಿಯ ಪ್ರಾಣಿಯಲ್ಲಿ ಇಷ್ಟು ಭೇದವಿದ್ದರೆ ಈ ಸಭೆಯಲ್ಲಿರುವ ನಮ್ಮಲ್ಲಿ ಎಷ್ಟಿರಬಹುದು? ಅವರು ಬಳಸಿದ್ದು ಆಲ್ಕೊಹಾಲು ಬೆರೆಸಿದ ನೀರಿನಲ್ಲಿ ತೆಗೆದ ಸಾರ, ನಮ್ಮದು ಅರೆದು ಹಿಂಡಿದ ರಸ. ಎರಡರಲ್ಲೂ ಇಳಿಯುವ ಅಂಶಗಳು ಒಂದೇ ಅಲ್ಲ. ಆದ್ದರಿಂದ ಅವರ ಅಂಕಿಯನ್ನು ನಮ್ಮ ಲೋಟಕ್ಕೆ ಹಾಗೆಯೇ ಸುರಿಯಲಾಗುವುದಿಲ್ಲ. ತೂಕದ ಲೆಕ್ಕವೂ ನೇರವಲ್ಲ: ಸುಂಡಿಲಿಗೆ ಕಿಲೋಗೆ ಇಷ್ಟು ಎಂದಿದ್ದರೆ ಮನುಷ್ಯರಿಗೆ ಹೋಲಿಸುವಾಗ ಅದನ್ನು ಸುಮಾರು ಹನ್ನೆರಡರಿಂದ ಭಾಗಿಸುತ್ತಾರೆ, ಏಕೆಂದರೆ ಚಿಕ್ಕ ಪ್ರಾಣಿ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ.

ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದವರೂ 2010ರಲ್ಲಿ ಇದೇ ಮರವನ್ನು ಹರಳೆಣ್ಣೆಯ ಪರೀಕ್ಷೆಗೆ ಒಡ್ಡಿದರು. ಸುಂಡಿಲಿಗಳ ಭೇದಿ ಕಡಿಮೆಯಾಯಿತು, ಕರುಳಿನ ಸ್ನಾಯು ಸಡಿಲವಾಯಿತು. ಅಜ್ಜಿಯಂದಿರು ಹೊಟ್ಟೆಗೆ ಒಳ್ಳೆಯದು ಅಂದದ್ದರಲ್ಲಿ ಹುರುಳಿದೆ ಎಂದಾಯಿತು. ವೈರಸ್ ಸಾಯುತ್ತದೆ ಎಂದಾಗಲಿಲ್ಲ.

ಈಗ ನನ್ನ ಶೀರ್ಷಿಕೆಯ ಮಾತು. ಸುಂಡಿಲಿ, ಇಲಿ ಯಾವುದೂ ವಾಂತಿ ಮಾಡುವುದಿಲ್ಲ. ಮಾಡಲು ಬರುವುದಿಲ್ಲ, ಮೆದುಳಿನಲ್ಲೇ ಅದಕ್ಕೆ ಬೇಕಾದ ಏರ್ಪಾಡಿಲ್ಲ. ಇಲಿಪಾಷಾಣ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ, ತಿಂದದ್ದನ್ನು ಅದು ಕಕ್ಕಲಾರದು. ಎರಡು ಕಡೆ ಇದು ನಮ್ಮನ್ನು ಕತ್ತಲೆಯಲ್ಲಿಡುತ್ತದೆ. ರೋಟಾವೈರಸ್ ತಗಲಿದ ಮಗು ಹಲವು ಸಲ ಮೊದಲು ವಾಂತಿ ಮಾಡುತ್ತದೆ, ಆಮೇಲೆ ಭೇದಿ. ಸುಂಡಿಲಿ ಮರಿ ಆ ಅರ್ಧ ಕಾಯಿಲೆಯನ್ನು ತೋರಿಸುವುದೇ ಇಲ್ಲ. ಗಿಡದ ವಿಷವೂ ಹಾಗೆಯೇ. ಮನುಷ್ಯರಲ್ಲಿ ಮೊದಲ ಸೂಚನೆ ಹೊಟ್ಟೆ ತೊಳಸುವುದು, ವಾಂತಿ. ಸುಂಡಿಲಿಗೆ ಹೊಟ್ಟೆ ತೊಳಸಿದರೂ ಅದು ಮೂಲೆಯಲ್ಲಿ ಮೈ ಮುದುಡಿ ಕೂರುತ್ತದೆ, ಕೂದಲು ನಿಮಿರುತ್ತದೆ, ಅಷ್ಟೇ. ಅದನ್ನು ಗಮನಿಸುವ ಕಣ್ಣು ಬೇಕು. ಗಮನಿಸದೆ "ಯಾವ ಲಕ್ಷಣವೂ ಕಾಣಲಿಲ್ಲ" ಎಂದು ಬರೆದವರೂ ಇರಬಹುದು.

ಒಂದು ಸಾರವನ್ನು ಮೊದಲ ಬಾರಿ ಪರೀಕ್ಷಿಸುವ ಅಂತರರಾಷ್ಟ್ರೀಯ ಕ್ರಮವೂ ಕೇಳಲು ಸ್ವಾರಸ್ಯಕರ. ಮೂರು ಪ್ರಾಣಿಗಳಿಗೆ ಒಂದು ಪ್ರಮಾಣ, ಸಾಯದಿದ್ದರೆ ಮತ್ತೆ ಮೂರು, ನಂತರ ಮೇಲಿನ ಪ್ರಮಾಣ, 14 ದಿನ ಕಾಯುವುದು. ಸಾಮಾನ್ಯವಾಗಿ ಹೆಣ್ಣುಗಳನ್ನೇ ತೆಗೆದುಕೊಳ್ಳುತ್ತಾರೆ, ಏಕೆಂದರೆ ವಿಷಕ್ಕೆ ಹೆಣ್ಣು ಸ್ವಲ್ಪ ಹೆಚ್ಚು ಸೂಕ್ಷ್ಮ ಎಂದು ಹಳೆಯ ದಾಖಲೆಗಳಲ್ಲಿ ಕಂಡಿದೆ. ಮನೆಯಲ್ಲಿ ಹಳಸಿದ ಸಾರನ್ನು ಮೊದಲು ರುಚಿ ನೋಡುವವರೂ ನಾವೇ ಅಲ್ಲವೇ! ಈ ಪರೀಕ್ಷೆಯ ಕೊನೆಗೆ "2000 ಮಿಲಿಗ್ರಾಂವರೆಗೆ ಸುರಕ್ಷಿತ" ಎಂದು ಬರೆಯುತ್ತಾರೆ. ಒಂದು ಸಲ ಕುಡಿದ ಆರು ಆರೋಗ್ಯವಂತ ಪ್ರಾಣಿಗಳು ಎರಡು ವಾರದಲ್ಲಿ ಸಾಯಲಿಲ್ಲ ಎಂದು ಅದನ್ನು ಓದಿಕೊಳ್ಳಬೇಕು. ತಿಂಗಳುಗಟ್ಟಲೆ ಕುಡಿದವರ ಯಕೃತ್ತಿಗೆ, ಬಸುರಿಯ ಗರ್ಭಕ್ಕೆ ಅದು ಉತ್ತರ ಕೊಡುವುದಿಲ್ಲ.

ಬಸುರಿಯ ಮಾತು ಬಂತು. ಕೆಲವು ವರ್ಷಗಳ ಹಿಂದೆ ಇದೇ ಸಾಂತಾಕ್ರೂಜಿನಲ್ಲಿ ನನ್ನ ಅಕ್ಕನ ಮಗಳ ಮನೆಗೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹೋಗಿದ್ದೆ. ಅವಳಿಗೆ ಮೂರು ತಿಂಗಳು. ಅವಳ ಅತ್ತೆ ಊರಿನಿಂದ ರಾತ್ರಿ ಬಸ್ಸಿನಲ್ಲಿ ತರಿಸಿದ ತೊಗಟೆಯನ್ನು ಅರೆದು, ಎಲ್ಲರಿಗೂ ಅರ್ಧರ್ಧ ಲೋಟ ಮಾಡಿಟ್ಟಿದ್ದರು. ಹುಡುಗಿ ಲೋಟ ಹಿಡಿದು ನನ್ನ ಮುಖ ನೋಡಿದಳು. ಅವಳಿಗೆ ಹೇಳಿದೆ, "ನೀನು ಕುಡಿಯಬೇಡ ಮಗಾ." ಅವಳ ಅತ್ತೆ ಹೇಳಿದರು, "ನಾನು ಇವಳ ಗಂಡನನ್ನು ಹೊತ್ತಾಗಲೂ ಕುಡಿದಿದ್ದೇನೆ. ನಮ್ಮ ಅಮ್ಮ ಎಂಟು ಹೆತ್ತವರು, ಎಂಟು ಸಲವೂ ಕುಡಿದಿದ್ದರು. ನಿಮ್ಮ ಇಲಿಗಳು ನಮಗೆ ಕಲಿಸಬೇಕೇ?"

ಆಗ ನನ್ನ ತಲೆಯಲ್ಲಿದ್ದದ್ದು ಮಣಿಪಾಲದವರ ಇನ್ನೊಂದು ಲೇಖನ, 2003ರದ್ದು. ಗರ್ಭದ 11ನೇ ದಿನದಲ್ಲಿರುವ ಸುಂಡಿಲಿಗಳಿಗೆ ಹಾಲೆ ತೊಗಟೆಯ ಸಾರ ಕೊಟ್ಟು ಮರಿಗಳನ್ನು ನೋಡಿದ್ದರು. ಸುಂಡಿಲಿಯ ಬಸುರು ಸುಮಾರು ಇಪ್ಪತ್ತು ದಿನದ್ದು, 11ನೇ ದಿನ ಅಂದರೆ ಕೈಕಾಲುಗಳು ಮೂಡುವ ಹೊತ್ತು. ಕಿಲೋಗೆ 240 ಮಿಲಿಗ್ರಾಂವರೆಗೆ ಮರಿಗಳಿಗೆ ಏನೂ ಆಗಲಿಲ್ಲ. 360 ಮತ್ತು 480ರಲ್ಲಿ ಮರಿಗಳು ಸತ್ತವು, ಬೆಳವಣಿಗೆ ಕುಂಠಿತವಾಯಿತು, ಕೆಲವಕ್ಕೆ ಬಾಲ ಬಾಗಿತ್ತು, ಬೆರಳುಗಳು ಅಂಟಿಕೊಂಡಿದ್ದವು, ಕಣ್ಣು ತೆರೆಯುವುದು ತಡವಾಯಿತು. ಹಾಗೆಂದು ಅರ್ಧ ಲೋಟ ಕಷಾಯದಿಂದ ಮನುಷ್ಯರ ಮಗುವಿಗೆ ಹೀಗಾಗುತ್ತದೆ ಎಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಲೋಟದಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಅರೆದವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ ಪ್ರಮಾಣವನ್ನು, ಒಂದು ಮಿತಿ ದಾಟಿದರೆ ಗರ್ಭಕ್ಕೆ ಕೆಡುಕು ಎಂದು ಗೊತ್ತಿರುವ ತೊಗಟೆಯನ್ನು ಮೂರು ತಿಂಗಳ ಬಸುರಿಗೆ ಕೊಡಬಾರದು, ಇಷ್ಟೇ ನನ್ನ ವಾದ. ಹುಡುಗಿ ಲೋಟ ಕೆಳಗಿಟ್ಟಳು. ಅವಳ ಅತ್ತೆ ಸೀಮಂತದವರೆಗೂ ನನ್ನಲ್ಲಿ ಮಾತಾಡಲಿಲ್ಲ. ಮಗು ಆರೋಗ್ಯವಾಗಿ ಹುಟ್ಟಿತು. ಕುಡಿದಿದ್ದರೂ ಆರೋಗ್ಯವಾಗಿಯೇ ಹುಟ್ಟುತ್ತಿತ್ತೋ ಏನೋ. ಇಂಥ ಜಗಳದಲ್ಲಿ ಗೆದ್ದವರು ಯಾರೆಂದು ಯಾವತ್ತೂ ತೀರ್ಮಾನವಾಗುವುದಿಲ್ಲ.

ಕೊರೊನಾ ಕಾಲದಲ್ಲಿ ಬೇರೆಯದೇ ಪಾಠ ಬಂತು. ಅಮೃತಬಳ್ಳಿಯನ್ನು ಆಗ ಕುಡಿಯದ ಮನೆಯಿರಲಿಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಂಬಯಿಯಲ್ಲಿ ಅದನ್ನು ಸೇವಿಸಿದ ಆರು ಜನರಿಗೆ ಯಕೃತ್ತಿಗೆ ಏಟಾದದ್ದನ್ನು ಡಾ. ಆಭಾ ನಗ್ರಾಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ರೀತಿ ಕಾಣುವ ಬೇರೆ ಬಳ್ಳಿಯಿರಬಹುದು ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂತು. ಸಾವಿರಾರು ಜನ ಕುಡಿದು ಏನೂ ಆಗದೆ ಇದ್ದಾರೆ, ಅದೂ ನಿಜ. ಅಪರೂಪಕ್ಕೆ ಒಬ್ಬರಿಗೆ, ಅವರ ಮೈಯ ಒಳಗುಣದಿಂದ ಬರುವ ಇಂಥ ತೊಂದರೆಯನ್ನು ಪಂಜರದ ಆರು ಪ್ರಾಣಿಗಳು ಮುಂಚಿತವಾಗಿ ತೋರಿಸಲಾರವು. ಹಾಗಾಗಿ ಆಯುರ್ವೇದದ್ದಾಗಲಿ ಮನೆಯದ್ದಾಗಲಿ, ತಿಂಗಳುಗಟ್ಟಲೆ ಏನನ್ನು ಕುಡಿಯುತ್ತಿದ್ದೀರೋ ಅದನ್ನು ಡಾಕ್ಟರರಿಗೆ ಹೇಳಿ. "ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ" ಎಂದಾಗ ನಮ್ಮ ಹೆಂಗಸರು "ಇಲ್ಲ" ಎನ್ನುತ್ತಾರೆ, ಏಕೆಂದರೆ ಕಷಾಯ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಆಯುಷ್‌ನವರು ಎತ್ತಿದ ಪ್ರಶ್ನೆ, ಗಿಡ ಅದೇ ಹೌದೇ ಎನ್ನುವುದು, ನಮ್ಮ ಆಟಿಗೂ ಬಹಳ ಮುಖ್ಯ. ನಮ್ಮ ಕಡೆಯ ಗುಡ್ಡಗಳಲ್ಲಿ ಕಾಸರಕದ ಮರವೂ ಇದೆ. ಅದರ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಕಡು ವಿಷಗಳಿವೆ. ಬೆಳಗಿನ ಕತ್ತಲೆಯಲ್ಲಿ, ಮಳೆಯಲ್ಲಿ, ಮರ ತಪ್ಪಿದರೆ ಯಾವ ಮೆಂತೆ ಗಂಜಿಯೂ ಉಳಿಸುವುದಿಲ್ಲ. ನಮ್ಮ ಅಜ್ಜ ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರವನ್ನು ನೋಡಿ ಗುರುತು ಮಾಡಿ ಬರುತ್ತಿದ್ದರು. ಒಂದೇ ಗಂಟಿನಲ್ಲಿ ವೃತ್ತಾಕಾರವಾಗಿ ಏಳರಷ್ಟು ಎಲೆ, ಗಾಯ ಮಾಡಿದರೆ ಬಿಳಿ ಹಾಲು. ಇಲ್ಲಿ ಬಸ್ಸಿನಲ್ಲಿ ಪೊಟ್ಟಣವಾಗಿ ಬರುವ ತೊಗಟೆಗೆ ಎಲೆಯಿಲ್ಲ. ಕಳಿಸುವವರು ಯಾರೆಂದು ಗೊತ್ತಿಲ್ಲದಿದ್ದರೆ ಬೇಡ.

ಮಾತಿನ ನಂತರ ಕೆಲವರು ಪ್ರಶ್ನೆ ಕೇಳಿದ್ದರು, ಸಂಚಿಕೆಗಾಗಿ ಅವನ್ನೂ ಸೇರಿಸಬೇಕೆಂದು ಸಂಪಾದಕಿ ಹೇಳಿದ್ದಾರೆ.

ಸಣ್ಣ ಮಕ್ಕಳಿಗೆ ಆಟಿ ಕಷಾಯ ಕೊಡಬಹುದೇ ಎಂದು ಒಬ್ಬರು ಕೇಳಿದರು. ನಮ್ಮಲ್ಲಿ ನಾಲಿಗೆಗೆ ಒಂದು ತೊಟ್ಟು ತಾಗಿಸುವುದಿತ್ತು, ಶಾಸ್ತ್ರಕ್ಕೆ. ಅದಕ್ಕಿಂತ ಹೆಚ್ಚು ನಾನು ಕೊಡುವುದಿಲ್ಲ. ಭೇದಿಯಾಗಿರುವ ಮಗುವಿಗೆ ಆ ತೊಟ್ಟೂ ಬೇಡ.

ನಮ್ಮ ಬಿಲ್ಡಿಂಗಿನ ಮುಂದೆಯೇ ಸಾತ್ವಿಣ್ ಮರವಿದೆ, ಅದರ ತೊಗಟೆ ತೆಗೆಯಬಹುದೇ ಎಂದು ಕಲೀನಾದ ಒಬ್ಬ ತಂಗಿ ಕೇಳಿದಳು. ಮಹಾನಗರಪಾಲಿಕೆಯವರು ಬಂದು ಹಿಡಿದರೆ ಮಹಿಳಾ ವಿಭಾಗ ಬಿಡಿಸಲು ಬರುವುದಿಲ್ಲ ಎಂದೆ. ತಮಾಷೆ ಬಿಡಿ, ವರ್ಷವಿಡೀ ಹೊಗೆ ಕುಡಿದು ನಿಂತ ರಸ್ತೆಬದಿಯ ಮರ ಅದು, ಅದರ ಮೈಮೇಲೆ ಏನು ಕೂತಿದೆಯೋ.

ಪ್ರಾಣಿಗಳ ಮೇಲೆ ಪ್ರಯೋಗ ಯಾವಾಗ ನಿಲ್ಲುತ್ತದೆ ಎಂದು ಒಬ್ಬ ಹಿರಿಯರು ಕೇಳಿದರು. ಪ್ರಾಣಿಗಳಿಲ್ಲದ ವಿಧಾನಗಳನ್ನು ಹೊಸ ಔಷಧಿಗಳ ಪರೀಕ್ಷೆಯಲ್ಲಿ ಒಪ್ಪಿಕೊಳ್ಳುವಂತೆ 2023ರಲ್ಲಿ ನಮ್ಮ ನಿಯಮಗಳನ್ನು ತಿದ್ದಿದ್ದಾರೆ. ಮನುಷ್ಯರ ಕರುಳಿನ ಕೋಶಗಳಿಂದಲೇ ತಟ್ಟೆಯಲ್ಲಿ ಪುಟ್ಟ ಕರುಳು ಬೆಳೆಸಿ ವೈರಸ್ಸನ್ನು ಅದರಲ್ಲಿ ನೋಡುವ ಕೆಲಸ ನಡೆಯುತ್ತಿದೆ. ಮೇರಿ ಎಸ್ಟೆಸ್ ಅವರ ತಂಡವೇ ಅದರಲ್ಲೂ ಮುಂದಿದೆ. ಪೂರ್ತಿ ನಿಲ್ಲುವುದನ್ನು ನಾನು ನೋಡುತ್ತೇನೆಂದು ಅನಿಸುವುದಿಲ್ಲ.

ಕೊನೆಗೆ, ಹಿಂದಿನ ಸಾಲಿನಿಂದ ಯಾರೋ ಕೇಳಿದರು, "ಅಕ್ಕಾ, ಈ ಸಲ ನೀವು ಕುಡಿದಿರಾ?" ಕುಡಿದೆ. ಅಣ್ಣ ಊರಿನ ಮನೆಯ ಹಿಂದಿನ ಮರದ್ದೇ ತೊಗಟೆ ಕಳಿಸಿದ್ದ, ಕಾಲು ಲೋಟ ಕುಡಿದೆ. ಮೆಂತೆ ಗಂಜಿ ಮಾತ್ರ ಎರಡು ಬಟ್ಟಲು.